ಮಾತಿಲ್ಲದ ಚಿತ್ರಕ್ಕೆ ಧಾರವಾಡದ ಮಾತು

ಟೀವಿಯ ಸದ್ದು ಪೂರ್ತಿ ಇಳಿಸಿ ಬರೀ ಚಿತ್ರ ನೋಡುವ ಚಟ ನನಗೆ ಮೊದಲಿನಿಂದಲೂ ಇದೆ. ಪಾರ್ಲಿಮೆಂಟಿನಲ್ಲಿ ಯಾರೋ ಎದ್ದು ನಿಂತು ಕೈ ಬೀಸುತ್ತಿದ್ದರೆ ಅವರ ಬಾಯಿಗೆ ಮೈಸೂರು ಮಾರ್ಕೆಟ್ಟಿನ ಬಾಳೆಹಣ್ಣಿನವನ ಮಾತು ಹಾಕುತ್ತೇನೆ. ಹವಾಮಾನ ಹೇಳುವ ಹೆಂಗಸು ಸ್ಕಾಟ್ಲೆಂಡಿನ ಮೇಲೆ ಅಂಗೈ ಆಡಿಸಿದರೆ, "ಇಲ್ಲೆಲ್ಲ ಈಗ್ತಾನೆ ಒರೆಸಿದೀನಿ, ತುಳೀಬೇಡಿ" ಅನ್ನುತ್ತೇನೆ. ಇದೆಲ್ಲ ಒಬ್ಬನೇ ಇದ್ದಾಗ ಮಾತ್ರ. ಹೆಂಡತಿ ಸುಮಂಗಲಾ ಮನೆಯಲ್ಲಿದ್ದರೆ ಟೀವಿಗೆ ಸದ್ದಿರಬೇಕು, ಇಲ್ಲವೆ ನನ್ನ ಬಾಯಿ ಮುಚ್ಚಿರಬೇಕು. ನಮ್ಮ ಮನೆಗೆ ಈ ಕಾನೂನು ಬಂದದ್ದು ಒಂದು ಹಳೇ ರಷ್ಯನ್ ಸಿನಿಮಾದಿಂದ. ನೀವು ನಂಬುವುದು ಕಷ್ಟ, ಆದರೂ ಹೇಳಿಬಿಡುತ್ತೇನೆ.

ಚಟ ಹತ್ತಿಸಿದವರು ನಮ್ಮಜ್ಜಿ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಸಿನಿಮಾ ಹುಚ್ಚು ಮಾತ್ರ ವಿಪರೀತ. ಮೈಸೂರಿನ ಥಿಯೇಟರುಗಳಲ್ಲಿ ನಾನು ಅವರ ಪಕ್ಕ ಕೂತು, ಪರದೆಯ ಮೇಲೆ ಆಡಿದ ಮಾತನ್ನೆಲ್ಲ ಅವರ ಕಿವಿಯೊಳಗೆ ಕೂಗಬೇಕಿತ್ತು. ಎಂಟು ವರ್ಷದವನಿಗೆ ಎಲ್ಲ ಎಲ್ಲಿ ಅರ್ಥವಾಗಬೇಕು? ತಿಳಿಯದ ಕಡೆ ನಾನೇ ಕಟ್ಟುತ್ತಿದ್ದೆ. ನಾಯಕ ನಾಯಕಿಯ ಕೈ ಹಿಡಿದು ಏನೋ ಪಿಸುಗುಟ್ಟಿದರೆ "ಊಟ ಆಯ್ತಾ ಅಂತ ಕೇಳ್ತಿದಾನೆ ಅಜ್ಜೀ" ಎಂದು ಕೂಗುವುದು. ಹಿಂದಿನ ಸಾಲಿನವರು ಮೊದಲು ಬೈಯುತ್ತಿದ್ದರು. ಇಂಟರ್‌ವಲ್ ಆದಮೇಲೆ ಅವರೇ ಮುಂದಕ್ಕೆ ಬಗ್ಗಿ, "ಲೋ ಮರಿ, ಈಗ ಏನಂದ?" ಎಂದು ಕೇಳುತ್ತಿದ್ದರು. ನನ್ನ ಮಾತನ್ನು ಜನ ಹಾಗೆ ಕಾದು ಕೇಳಿದ್ದು ಆಮೇಲೆ ಬಹಳ ವರ್ಷ ಇಲ್ಲ.

ಲಂಡನ್ನಿಗೆ ಬಂದಮೇಲೆ ನನಗೆ ಸಿಕ್ಕ ಕೆಲಸವೂ ಸಿನಿಮಾದ್ದೇ, ಒಂದು ರೀತಿಯಲ್ಲಿ. ಅಕ್ಸ್‌ಬ್ರಿಡ್ಜ್‌ನ ಒಂದು ಕಾಲೇಜಿನಲ್ಲಿ ವೀಡಿಯೊ ಟೇಪುಗಳ ಕೋಣೆ ನೋಡಿಕೊಳ್ಳುವವನು ನಾನು. ಮೇಷ್ಟ್ರುಗಳು ಚೀಟಿ ಕಳಿಸಿದರೆ ಟೇಪು ಹುಡುಕಿ, ಕ್ಲಾಸಿನ ಮೆಷೀನಿಗೆ ಹಾಕಿ, ಕೆಟ್ಟರೆ ಅದರ ತಲೆಯ ಮೇಲೊಂದು ಗುದ್ದಿ ಸರಿಮಾಡುವುದು. ಊರಿಗೆ ಬರೆದ ಕಾಗದಗಳಲ್ಲಿ ಮಾತ್ರ ನಾನು ಸಿನಿಮಾ ವಿಭಾಗದಲ್ಲಿದ್ದೆ.

ಅಲ್ಲಿ ಹೆಲೆನ್ ಎಂಬ ಒಬ್ಬ ಮೇಡಂ ಇದ್ದರು. ಎತ್ತರದ ಹೆಂಗಸು. ಸೋವಿಯತ್ ದೇಶ ಹುಟ್ಟಿದ ಹೊಸದರಲ್ಲಿ ಬಂದ ಮೂಕಿ ಹಾಸ್ಯಚಿತ್ರಗಳ ಬಗ್ಗೆ ಪಾಠ ಮಾಡುತ್ತಿದ್ದರು. ಅದರಲ್ಲಿ ಒಂದನ್ನು ಪ್ರತಿ ವರ್ಷ ತಪ್ಪದೆ ತೋರಿಸುತ್ತಿದ್ದರು. ಕಥೆ ಇಷ್ಟೆ. ಮಧ್ಯ ಏಷ್ಯಾದ ಯಾವುದೋ ಬಯಲಿನಿಂದ, ಹತ್ತಿ ತುಂಬಿದ ಉದ್ದ ನಿಲುವಂಗಿ ತೊಟ್ಟ ಒಬ್ಬ ತನ್ನ ಊರಿಗೊಂದು ಹೊಲಿಗೆ ಮೆಷೀನು ಕೇಳಲು ಮಾಸ್ಕೋಗೆ ಬರುತ್ತಾನೆ. ಅವನಿಗೆ ಪಟ್ಟಣ ತೋರಿಸು ಎಂದು ಸರ್ಕಾರ ಒಬ್ಬ ಕನ್ನಡಕದ ಗುಮಾಸ್ತನನ್ನು ಜೊತೆಗೆ ಹಾಕುತ್ತದೆ. ನಿಲುವಂಗಿಯವನು ಲಿಫ್ಟಿನಲ್ಲಿ ಹೆದರುತ್ತಾನೆ, ರಸ್ತೆಯ ಕಲ್ಲಿನ ಪ್ರತಿಮೆಗೆ ಬಗ್ಗಿ ನಮಸ್ಕಾರ ಮಾಡುತ್ತಾನೆ, ಬಾಗಿಲು ಯಾವುದು ಕನ್ನಡಿ ಯಾವುದು ತಿಳಿಯದೆ ಹಣೆ ಚಚ್ಚಿಕೊಳ್ಳುತ್ತಾನೆ. ನಡುವೆ ಉಕ್ರೇನಿನ ಒಬ್ಬ ದಪ್ಪ ಹೆಂಗಸು ತಪ್ಪಿಸಿಕೊಂಡ ಹೆಬ್ಬಾತಿನ ಹಿಂದೆ ಓಡುತ್ತಿರುತ್ತಾಳೆ. ಕಾಕಸಸ್ ಬೆಟ್ಟದ ಮೀಸೆಯವನೊಬ್ಬ ಕಾರಣವಿಲ್ಲದೆ ಬಂದು ಕುಣಿದು ಹೋಗುತ್ತಾನೆ.

"ಹೊಸ ಸರ್ಕಾರ ಎಲ್ಲ ಜನಾಂಗವೂ ಸಮಾನ ಅಂದಿತು. ಹಾಗಾಗಿ ಪ್ರತಿ ಜನಾಂಗದವರೂ ಒಬ್ಬೊಬ್ಬರು ಚಿತ್ರದಲ್ಲಿ ಇರಲೇಬೇಕಾಯಿತು" ಎಂದು ಹೆಲೆನ್ ಹುಡುಗರಿಗೆ ಹೇಳುತ್ತಿದ್ದರು. "ಆದರೆ ಆ ನಿಲುವಂಗಿಯವನನ್ನು ನೋಡಿ. ಅವನು ಮಾಸ್ಕೋದ ನಟನೇ, ಗಡ್ಡ ಅಂಟಿಸಿಕೊಂಡು ಮುಖಕ್ಕೆ ಮಸಿ ಬಳಿದುಕೊಂಡಿದ್ದಾನೆ. ನಗುವವರು ಯಾರು, ಅವರನ್ನು ನಗಿಸೋಕೆ ಯಾರನ್ನು ಬೀಳಿಸ್ತಾರೆ, ಅದನ್ನು ಗಮನಿಸಿ."

ನಾನು ಹಿಂದೆ ಮೆಷೀನಿನ ಪಕ್ಕ ನಿಂತು ಈ ಪಾಠವನ್ನು ಮೂರು ವರ್ಷ ಕೇಳಿದ್ದೇನೆ. ಮೂರು ವರ್ಷವೂ, ಇವರಿಗೆ ನಗುವುದಕ್ಕೂ ಒಂದು ಸಿದ್ಧಾಂತ ಬೇಕಲ್ಲಪ್ಪಾ ಎಂದುಕೊಂಡಿದ್ದೇನೆ. ಮೂರು ವರ್ಷ ಕೇಳಿದವನಿಗೆ ಅದು ತಲೆಗೆ ಹೋಗಿರಬೇಕಲ್ಲವೆ ಎಂದು ನೀವು ಕೇಳಬಹುದು. ಹೋಗಿರಲಿಲ್ಲ.

ಆ ವರ್ಷ ನಮ್ಮ ಕನ್ನಡ ಸಂಘದ ಯುಗಾದಿ ಕ್ರೋಯ್ಡನ್‌ನಲ್ಲಿ. ಅಲ್ಲಿ ಟ್ರಾಮ್ ಓಡಲು ಶುರುವಾದ ಹೊಸತು. ಲಂಡನ್ನಿನಲ್ಲಿ ಯುಗಾದಿ ಯಾವ ವಾರ ಬಂದರೂ ಅದನ್ನು ಶನಿವಾರಕ್ಕೆ ಎಳೆದು ತರುತ್ತೇವೆ, ಅದು ಬೇರೆ ಮಾತು. ಮಧ್ಯಾಹ್ನದ ಊಟದ ಹೊಣೆ ಭೋಜಣ್ಣನದು. ಕುಂದಾಪುರದವರು, ಕ್ರೋಯ್ಡನ್‌ನ ಒಂದು ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಊಟಕ್ಕೆ ಮೊದಲು ಒಂದು ಕನ್ನಡ ಸಿನಿಮಾ ತೋರಿಸುವ ಹೊಣೆ ನನ್ನದು. ಟೇಪು ಸ್ವಲ್ಪ ಎಳೆಯುತ್ತಿತ್ತು ಎಂದು ಶುಕ್ರವಾರ ಅದನ್ನು ಕೆಲಸಕ್ಕೆ ತಂದು, ಅಲ್ಲಿಯ ಒಳ್ಳೆ ಮೆಷೀನಿನಲ್ಲಿ ಹಿಂದೆ ಮುಂದೆ ಓಡಿಸಿ, ಚೀಲಕ್ಕೆ ಹಾಕಿಕೊಂಡೆ.

ಶನಿವಾರ ಹಾಲ್ ತುಂಬಿತ್ತು. ಸಂಘದ ಅಧ್ಯಕ್ಷರು ಐದು ನಿಮಿಷ ಮಾತಾಡುತ್ತೇನೆಂದು ಅರ್ಧ ಗಂಟೆ ಮಾತಾಡಿ ಮುಗಿಸಿದರು. ನಾನು ಟೇಪು ಹಾಕಿದೆ. ಪರದೆಯ ಮೇಲೆ ಕಪ್ಪುಬಿಳುಪಿನ ಹಿಮ ಬಿತ್ತು, ರಷ್ಯನ್ ಅಕ್ಷರ ಬಂತು, ಹೆಬ್ಬಾತು ಬಂತು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನ್ರೀ ಶ್ರೀಕಂಠ ಇದು?"

"ತಪ್ಪು ಟೇಪು ಸಾರ್."

"ತೆಗೀರಿ ಮತ್ತೆ."

ತೆಗೆಯುವುದರಲ್ಲಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಭೋಜಣ್ಣನ ಸುದ್ದಿ ಬಂತು: ಎರಡು ಒಲೆಗಳಲ್ಲಿ ಒಂದು ಹತ್ತುತ್ತಿಲ್ಲ, ಊಟ ಇನ್ನೂ ಒಂದು ಗಂಟೆ ತಡ. ನೂರು ಜನ ಹಸಿದ ಕನ್ನಡಿಗರು, ಹೊರಗೆ ಮಳೆ, ಅಧ್ಯಕ್ಷರು ಮತ್ತೆ ಮೈಕಿನ ಕಡೆ ನೋಡುತ್ತಿದ್ದಾರೆ. ಆ ಅಪಾಯ ತಪ್ಪಿಸಲೆಂದೇ ನಾನು ಮೈಕು ಕಿತ್ತುಕೊಂಡೆ ಎಂದು ಈಗಲೂ ವಾದಿಸಬಲ್ಲೆ. ನಿಜ ಹೇಳಬೇಕೆಂದರೆ, ಹಾಲಿನ ಕತ್ತಲಲ್ಲಿ ಒಂದು ಮೂಕಿ ಚಿತ್ರ, ಕೇಳಲು ನೂರು ಜನ, ಕೈಯಲ್ಲಿ ಮೈಕು ಇರುವಾಗ ನನ್ನ ನಾಲಗೆ ತುರಿಸತೊಡಗಿತ್ತು.

ಗುಮಾಸ್ತನಿಗೆ ನನ್ನ ಮೈಸೂರು ಕನ್ನಡ ಕೊಟ್ಟೆ. ಯೋಚನೆಯನ್ನೇ ಮಾಡಲಿಲ್ಲ, ಕನ್ನಡಕ ಹಾಕಿದವನು ಮತ್ತೆ ಯಾವ ಕನ್ನಡ ಮಾತಾಡಬೇಕು? ಹೆಬ್ಬಾತಿನ ಹೆಂಗಸಿಗೆ ಕುಂದಾಪುರದ್ದು ಕೊಟ್ಟೆ: "ಎಂತದು ಮಾರಾಯ್ರೆ, ನನ್ನ ಬಾತು ಉಂಟಾ ಇಲ್ಲವಾ?" ಹಾಲ್ ನಕ್ಕಿತು. ನಿಲುವಂಗಿಯವನು ಸ್ಟೇಷನ್ನಿನಿಂದ ಹೊರಬಂದು ಬಾಯಿ ತೆರೆದು ನಿಂತಾಗ ನನ್ನ ಬಾಯಿಂದ ಧಾರವಾಡ ತಾನಾಗಿ ಬಂತು. ಹದಿಮೂರು ವರ್ಷ ದಿನವೂ ಮನೆಯಲ್ಲಿ ಸುಮಂಗಲಾಳ ಬಾಯಲ್ಲಿ ಕೇಳಿದ ಭಾಷೆ, ನನ್ನ ಹತ್ತಿರ ದಾಸ್ತಾನಿತ್ತು. ಲಿಫ್ಟು ಮೇಲೇರಿದಾಗ ಅವನು ಗೋಡೆ ತಬ್ಬಿಕೊಂಡು, "ಯಪ್ಪೋ! ಮನಿ ಮ್ಯಾಲ ಹೊಂಟೈತಲೋ! ನಿಲ್ಲಸ್ರೋ, ನಮ್ಮವ್ವಗ ಹೇಳಿ ಬಂದಿಲ್ಲಲೋ!" ಅಂದ. ಜನ ಕುರ್ಚಿಯ ಮೇಲೆ ಬಿದ್ದು ಬಿದ್ದು ನಕ್ಕರು.

ಮುಂದಿನ ಸಾಲಿನಲ್ಲಿ ನನ್ನ ಮಗಳು ನಿಧಿ ಇದ್ದಳು, ಒಂಬತ್ತು ವರ್ಷ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದ ಒಂದು ಮಾತಿಗೆ ಅವಳು ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗುವಿಗಾಗಿ ಇನ್ನೂ ನಾಲ್ಕು ಸಲ ಅವನಿಂದ "ಯಪ್ಪೋ" ಅನ್ನಿಸಿದೆ. ಸುಮಂಗಲಾ ಹೇಗೆ ನಗುತ್ತಿದ್ದಾಳೆ ನೋಡೋಣ ಎಂದು ತಿರುಗಿದೆ. ಅವಳ ಕುರ್ಚಿ ಖಾಲಿ ಇತ್ತು. ಅಡುಗೆಮನೆಗೆ ಹೋಗಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳಂತೆ, ಬಹಳ ಸಣ್ಣಗೆ.

ಊಟದ ಹೊತ್ತಿಗೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಭೋಜಣ್ಣ ಮಾತ್ರ ಸೌಟು ಹಿಡಿದುಕೊಂಡೇ ಬಂದರು. ಹೆಂಗಸಿಗೆ ಅವರ ಭಾಷೆ ಕೊಟ್ಟದ್ದಕ್ಕೆ ಬೇಜಾರಾಗಿರಬಹುದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹ್ವಾಯ್, ನೀವ್ ಮಾತಾಡಿದ್ದ್ ಕುಂದಾಪ್ರ ಕನ್ನಡ ಅಲ್ಲ ಕಾಣಿ" ಅಂದರು. "ಉಂಟು ಅಂಬುದ್ ಮಂಗ್ಳೂರ್ ಬದಿಯರ್. ನಾವ್ ಇತ್ತ್ ಅಂಬುದ್. ಹೆಬ್ಬಾತಿನ್ ಹೆಂಗ್ಸಿಗೆ ನಮ್ಮ್ ಭಾಷಿ ಕೊಡಿ, ಅಡ್ಡಿಲ್ಲ. ಸಮಾ ಕೊಡಿ!"

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಸುಮಂಗಲಾ ಕಣ್ಣು ಮುಚ್ಚಿ ಕೂತಳು. ದಣಿದಿದ್ದಾಳೆ ಎಂದುಕೊಂಡೆ. ನಿಧಿ ಅವಳ ತೋಳು ಹಿಡಿದು ಜಗ್ಗಿದಳು. "ಮಮ್, ಡೂ ದ ಫನ್ನಿ ಮ್ಯಾನ್! ಯು ಸೌಂಡ್ ಜಸ್ಟ್ ಲೈಕ್ ಹಿಮ್!"

ಸುಮಂಗಲಾ ಮಗಳ ಕೈಯನ್ನು ಮೆಲ್ಲಗೆ ಬಿಡಿಸಿ, ಕಿಟಕಿಯ ಕಡೆ ತಿರುಗಿದಳು. ಟ್ಯೂಬಿನ ಕಿಟಕಿಯಲ್ಲಿ ಸುರಂಗದ ಕತ್ತಲು ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋಗಿ "ಕಾಫಿ ಇದೆಯಾ?" ಎಂದೆ. ನಿತ್ಯದ ಉತ್ತರ, "ಕುಂದ್ರಿ, ತರ್ತೇನಿ." ಅವತ್ತು ಬಂದ ಉತ್ತರ ಬೇರೆ.

"ದಯವಿಟ್ಟು ಕುಳಿತುಕೊಳ್ಳಿ. ಐದು ನಿಮಿಷದಲ್ಲಿ ಕಾಫಿ ಬರುತ್ತದೆ."

ಸುಮಂಗಲಾ ಬಡಾವಣೆಯ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಫೋನಿನಲ್ಲಿ ರೋಗಿಗಳ ಜೊತೆ ಮಾತಾಡಲು ಅವಳಿಗೊಂದು ಬೇರೆ ಧ್ವನಿಯಿದೆ, ಬಹಳ ಸಭ್ಯ, ಬಹಳ ತಣ್ಣಗೆ. ಅದೇ ಧ್ವನಿ ಈಗ ಕನ್ನಡಕ್ಕೆ ಬಂದಿತ್ತು, ಅದೂ ಬೆಂಗಳೂರು ರೇಡಿಯೋದ ಕನ್ನಡ. ಟವೆಲ್ ಎಲ್ಲಿದೆ ಎಂದರೆ "ಎಲ್ಲಿ ಇಟ್ಟಿದ್ದೀರೋ ಅಲ್ಲಿಯೇ ಇರಬಹುದು, ಒಮ್ಮೆ ಪರಿಶೀಲಿಸಿ." ತಲೆನೋವು ಎಂದರೆ "ಎಷ್ಟು ದಿನದಿಂದ ಇದೆ?" ನಿಧಿಯ ಜೊತೆ ಪೂರ್ತಿ ಇಂಗ್ಲಿಷ್. ಊರಿನಿಂದ ತಾಯಿಯ ಫೋನು ಬಂದರೆ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಗಿಲಾಚೆಯಿಂದ ಧಾರವಾಡದ ದನಿ ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಾನು ಬಟ್ಟೆ ಮಡಚುವ ನೆಪದಲ್ಲಿ ಅಲ್ಲೇ ನಿಂತಿರುತ್ತಿದ್ದೆ. ಹದಿಮೂರು ವರ್ಷ ನಮ್ಮ ಮನೆಯಲ್ಲಿ "ಬರ್ರಿ", "ಉಣ್ರಿ", "ಸಾಕ್ ಬಿಡ್ರಿ" ಎಂದು ಬೆಳಗಿನಿಂದ ಸಂಜೆಯವರೆಗೆ ಓಡಾಡಿಕೊಂಡಿದ್ದ ಯಾರೋ ಒಬ್ಬರು ಮನೆ ಬಿಟ್ಟು ಹೋದಂತಿತ್ತು.

ಈ ನಡುವೆ ಸೋಮವಾರ ಬಂತು. ರಷ್ಯನ್ ಟೇಪು ಹಿಡಿದುಕೊಂಡು ಓಡೋಡಿ ಹೋದೆ, ಆದರೂ ತಡವಾಗಿತ್ತು. ಹೆಲೆನ್ ಕ್ಲಾಸು ಶುರುಮಾಡಿಬಿಟ್ಟಿದ್ದರು. ಮೆಷೀನಿನಲ್ಲಿ ನಾನು ಶುಕ್ರವಾರ ಮರೆತ ಕನ್ನಡ ಸಿನಿಮಾ ಓಡುತ್ತಿತ್ತು. ಅದು ತಪ್ಪು ಟೇಪೆಂದು ಹೆಲೆನ್‌ಗೆ ತಕ್ಷಣ ಗೊತ್ತಾಗಿತ್ತು, ಆದರೆ ನಿಲ್ಲಿಸಿರಲಿಲ್ಲ. ಹುಡುಗರು ಗಂಭೀರವಾಗಿ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಮದುವೆಮನೆಯ ದೃಶ್ಯ. ಕರಾವಳಿ ಕಡೆಯ ಅಡುಗೆಭಟ್ಟನೊಬ್ಬ ಸೌಟು ಹಿಡಿದು ಬಂದು ಏನೋ ಹೇಳಿದ, ಮದುವೆಮನೆಯವರೆಲ್ಲ ನಕ್ಕರು.

"ಒಳ್ಳೇದಾಯ್ತು ಬಂದಿರಿ" ಎಂದರು ಹೆಲೆನ್. "ನಮಗೊಂದು ಅನುಮಾನ. ಈ ಸೌಟಿನವರು ಬಾಯಿ ತೆರೆದಾಗಲೆಲ್ಲ ಅವರು ನಗ್ತಾರೆ. ಏನು ಹೇಳಿದರು ಈಗ?"

"ಸಾರಿಗೆ ಉಪ್ಪು ಸಾಲದು ಅಂದರು."

"ಅದು ಜೋಕಾ?"

"ಅಲ್ಲ."

"ಮತ್ತೆ ಯಾಕೆ ನಗ್ತಾರೆ?"

ಇಪ್ಪತ್ತು ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. "ಅವರು ಬೇರೆ ಕಡೆಯವರು. ಅವರ ಕನ್ನಡ ಸ್ವಲ್ಪ ಬೇರೆ" ಎಂದೆ.

"ಓ" ಎಂದರು ಹೆಲೆನ್. ಹುಡುಗರು ಬರೆದುಕೊಂಡರು. ಮೂರು ವರ್ಷ ನನ್ನ ಪಕ್ಕದಿಂದ ಹಾದು ಹೋಗಿದ್ದ ಪಾಠ ಅಂದು ಬಂದು ನನ್ನ ಎದೆಯ ಮೇಲೆ ಕೂತಿತು. ಮೆಷೀನಿನ ತಲೆಗೊಂದು ಗುದ್ದು ಹಾಕಿ, ಟೇಪು ಬದಲಿಸಿ ಹೊರಗೆ ಬಂದೆ.

ಸಂಜೆ ಸುಮಂಗಲಾ ಇಸ್ತ್ರಿ ಹಾಕುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. "ತಪ್ಪಾಯ್ತು ಕಣೆ, ಸುಮ್ಮನೆ ತಮಾಷೆಗೆ ಮಾಡಿದ್ದು" ಎಂದೆ. ಕ್ಷಮೆ ಕೇಳುವಾಗ "ತಮಾಷೆಗೆ" ಎಂಬ ಪದ ಸೇರಿಸಬಾರದೆಂದು ಆ ದಿನ ಕಲಿತೆ.

"ನಿಮ್ಮ ತಮಾಷೆಯನ್ನು ಎಲ್ಲರೂ ಮೆಚ್ಚಿಕೊಂಡರಲ್ಲ, ಸಂತೋಷ" ಎಂದು ಅವಳು ರಿಸೆಪ್ಷನ್ ಧ್ವನಿಯಲ್ಲಿ ಶುರುಮಾಡಿದಳು. "ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಆ ಮನುಷ್ಯ ಧಾರವಾಡದವನೇ ಯಾಕೆ ಆಗಬೇಕಿತ್ತು? ಕನ್ನಡಕದವನು ಯಾಕೆ ಆಗಬಾರದು? ಬೆಂಗಳೂರಿಗೆ ಓದಾಕ ಹೋದಾಗ ಹಾಸ್ಟೆಲಿನ್ಯಾಗ ನಾ ಬಾಯಿ ತಗದ್ರ ಸಾಕು, ಹುಡುಗ್ಯಾರು ಬಾಯಿಗೆ ಕೈ ಹಚ್ಕೊಂಡು ನಗತಿದ್ರು. ನೀರು ಕೇಳಿದ್ರೂ ನಗತಿದ್ರು! ಒಂದ್ ವರ್ಷದಾಗ ನಿಮ್ಮಂಗ ಮಾತಾಡಾಕ ಕಲತೆ. ಇಲ್ಲಿ ಬಂದು ಇಂಗ್ಲಿಷ್‌ನವರಂಗ ಮಾತಾಡಾಕ ಕಲತೆ. ದಿನಾ ಎಂಟ್ ತಾಸು ಆ ಫೋನ್ ಹಿಡದು ಮಂದಿಯಂಗ ಮಾತಾಡಿ ಮನಿಗೆ ಬಂದು, ನಿಮ್ಮೊಬ್ಬರ ಮುಂದರ ನನ್ನಂಗ ಮಾತಾಡ್ತಿದ್ದೆ. ಅದನ್ನ ಹೊತ್ಕೊಂಡು ಹೋಗಿ ನೂರು ಮಂದಿಗೆ ತೋರಿಸಿ ಬಂದ್ರಲ್ರೀ! ಮಗಳು ನನ್ನ ಮಾರಿ ನೋಡಿ ಫನ್ನಿ ಮ್ಯಾನ್ ಅಂತಾಳ!"

ಅವಳು ತನಗೆ ತಿಳಿಯದೆಯೇ ಅರ್ಧದಲ್ಲಿ ಬೆಂಗಳೂರು ಬಿಟ್ಟು ಧಾರವಾಡ ಮುಟ್ಟಿದ್ದಳು. ಅದನ್ನು ಕೇಳಿ ನನಗೆ ಬೈಗುಳದ ನಡುವೆಯೂ ಎಂಥದೋ ನೆಮ್ಮದಿ. ಅದು ಮುಖದಲ್ಲಿ ಕಂಡಿರಬೇಕು.

"ನಗಾಕತ್ತೀರೇನು?"

"ಇಲ್ಲ ಇಲ್ಲ."

ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಊಟಕ್ಕೆ ಏಳು ಗಂಟೆಗೆ ಬನ್ನಿ" ಎಂದಳು. ಮತ್ತೆ ಬೆಂಗಳೂರು.

ಒಂದು ವಾರ ಹೀಗೇ ನಡೆಯಿತು. ಆಮೇಲೆ ಅಧ್ಯಕ್ಷರ ಫೋನು ಬಂತು. ಬರುವ ಶನಿವಾರ ರಾಮನವಮಿ, ಅದೇ ಹಾಲ್, ಪಾನಕ ಕೋಸಂಬರಿ, ಜನರೆಲ್ಲ ರಷ್ಯನ್ ಸಿನಿಮಾ ಇನ್ನೊಮ್ಮೆ ಬೇಕೆನ್ನುತ್ತಿದ್ದಾರೆ. "ಸಾಧ್ಯವಿಲ್ಲ ಸಾರ್" ಎಂದೆ. ಸೋಫಾದ ಮೇಲೆ ಕೂತಿದ್ದ ಸುಮಂಗಲಾ ಕೈ ಚಾಚಿ ಫೋನು ತೆಗೆದುಕೊಂಡಳು.

"ತೋರಿಸೋಣ ಸಾರ್. ಟೇಪು ಇವರು ಹಾಕುತ್ತಾರೆ. ಮೈಕು ನಾನು ಮತ್ತು ಭೋಜಣ್ಣ ಹಿಡಿಯುತ್ತೇವೆ."

ಟೇಪು ಎರವಲು ಕೇಳಿದಾಗ ಹೆಲೆನ್ ಯಾಕೆಂದು ಕೇಳಿದರು. "ನನ್ನ ಹೆಂಡತಿ ಬೇಕೆಂದಳು" ಎಂದೆ. ಒಳ್ಳೆಯ ಕಾರಣ ಎಂದು ಕೊಟ್ಟರು.

ಆ ವಾರ ಸುಮಂಗಲಾ ಮೂರು ಸಲ ಆ ಚಿತ್ರವನ್ನು ಒಬ್ಬಳೇ ಕೂತು ನೋಡಿದಳು. ನನ್ನನ್ನೂ ಓರೆಗಣ್ಣಿನಲ್ಲಿ ನೋಡುತ್ತಿದ್ದಳು, ಅದರ ಅರ್ಥ ನನಗೆ ಶನಿವಾರ ತಿಳಿಯಿತು.

ಗುಮಾಸ್ತ ಪರದೆಯ ಮೇಲೆ ಬಂದು ಕನ್ನಡಕ ಸರಿಮಾಡಿಕೊಂಡ. ಮೈಕಿನಲ್ಲಿ ಸುಮಂಗಲಾ: "ನೋಡಿ ಇವ್ರೇ, ನಾನು ಬರ್ತೀನಿ ಅಂತಲೂ ಹೇಳ್ತಿಲ್ಲ, ಬರಲ್ಲ ಅಂತಲೂ ಹೇಳ್ತಿಲ್ಲ. ನೋಡೋಣ, ಏನಂತೀರಾ? ಅಂದ್ಹಾಗೆ ಕಾಫಿ ಇದೆಯಾ?"

ಹಾಲಿನಲ್ಲಿ ಒಬ್ಬೊಬ್ಬರೇ ನನ್ನ ಕಡೆ ತಿರುಗಿದರು. ಅದು ಮೈಸೂರು ಕನ್ನಡ ಮಾತ್ರವಲ್ಲ, ನಾನೇ. ನನ್ನ ಗಂಟಲು ಸರಿಮಾಡುವಿಕೆ, ನನ್ನ "ಅಂದ್ಹಾಗೆ", ಯಾವ ಕೆಲಸ ಬಂದರೂ ಅರ್ಧ ಹೆಜ್ಜೆ ಹಿಂದೆ ಸರಿಯುವ ನನ್ನ ಸಭ್ಯತೆ. ಜನ ಕಣ್ಣೀರು ಒರೆಸಿಕೊಂಡು ನಕ್ಕರು. ನಾನೂ ನಕ್ಕೆ. ನಗುವಾಗ ಬಾಯಿ ಒಣಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ, ಮೆಷೀನಿನ ಹಿಂದೆ ಇಲ್ಲದ ಒಂದು ವೈರನ್ನು ಹುಡುಕುತ್ತ ಬಗ್ಗಿದೆ.

ಹೆಬ್ಬಾತಿನ ಹೆಂಗಸಿಗೆ ಭೋಜಣ್ಣ ತಮ್ಮ ತಾಯಿಯದೇ ಗಂಟಲು ಕೊಟ್ಟರು. "ಹ್ವಾಯ್! ನನ್ನ್ ಬಾತ್ ಎಲ್ಲ್ ಇತ್ತ್?" ಅನ್ನುವುದರಲ್ಲಿ ಎಷ್ಟು ಸಂಕಟವಿತ್ತೆಂದರೆ, ಬಾತು ಸಿಕ್ಕಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು.

ಇನ್ನು ನಿಲುವಂಗಿಯವನು. ಅದೇ ಚಿತ್ರ, ಅದೇ ಅಂಟಿಸಿದ ಗಡ್ಡ, ಅದೇ ಮಸಿ. ಲಿಫ್ಟು ಮೇಲೇರಿತು, ಅವನು ಗೋಡೆ ತಬ್ಬಿಕೊಂಡ. "ಇದನ್ನ ಕಟ್ಟಿದಾಂವಗ ಒಂದ್ ಕಿಟಕಿ ಇಡಾಕ ಏನಾಗಿತ್ರೀ?" ಎಂದು ಗುಮಾಸ್ತನನ್ನು ಕೇಳಿದ. "ಮನಷ್ಯಾ ಎಲ್ಲಿಗೆ ಹೊಂಟಾನಂತ ಮನಷ್ಯಾಗ ಕಾಣಬಾರದೇನು?" ಕನ್ನಡಿಗೆ ಹಣೆ ಚಚ್ಚಿಕೊಂಡಾಗ, "ಬಾಗಲದಾಗ ಬಾಗಲಾ ಇಡ್ರಿ, ನಿಮ್ಮ ಮಾರಿ ನೋಡ್ಕೊಳ್ಳೂದು ಮನ್ಯಾಗ ಇಟ್ಕೊರ್ರಿ" ಅಂದ. ಈಗಲೂ ಹಾಲ್ ನಗುತ್ತಿತ್ತು, ಆದರೆ ಅವನ ಜೊತೆಗೆ ನಿಂತು ಮಾಸ್ಕೋವನ್ನು ನೋಡಿ ನಗುತ್ತಿತ್ತು.

ಕೊನೆಗೆ ಪ್ರತಿಮೆಯ ದೃಶ್ಯ. ಅವನು ಟೋಪಿ ತೆಗೆದು ಕಲ್ಲಿನ ಮನುಷ್ಯನಿಗೆ ಬಗ್ಗಿ ನಮಸ್ಕರಿಸುತ್ತಾನೆ, ಕಾಯುತ್ತಾನೆ, ಮತ್ತೆ ನಮಸ್ಕರಿಸುತ್ತಾನೆ. ಸುಮಂಗಲಾ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

"ನಮಸ್ಕಾರ್ರೀ... ಅರಾಮ್ ಇದ್ದೀರೇನ್ರಿ? ... ಮಾತಾಡವಲ್ರು. ಇರ್ಲಿ ಬಿಡ್ರಿ. ಈ ಊರಿಗೆ ಬಂದು ಎಂಟ್ ದಿನ ಆತು, ಯಾರೂ ಮಾತಾಡ್ಸಿಲ್ಲ. ನೀವರ ನಿಂತು ಕೇಳಿದ್ರಲ್ಲ, ಅಷ್ಟ ಸಾಕು."

ನಗು ಬರಲಿಲ್ಲ. ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಲಂಡನ್ನಿನಲ್ಲಿ ಅಂಥ ಮೊದಲ ಎಂಟು ದಿನ ಇದ್ದವು. ಬೆಳಗಾವಿಯ ಒಬ್ಬ ವಯಸ್ಸಾದ ಹೆಂಗಸು ಎದ್ದು ಬಂದು, ಸಿನಿಮಾ ಇನ್ನೂ ಓಡುತ್ತಿರುವಾಗಲೇ ಸುಮಂಗಲಾಳ ತಲೆ ಸವರಿ ಹೋದರು. ಅವರನ್ನು ಅದಕ್ಕೂ ಮೊದಲು ಸಂಘದಲ್ಲಿ ಎಷ್ಟೋ ಸಲ ನೋಡಿದ್ದೆ. ಎಲ್ಲರ ಜೊತೆ ಬೆಂಗಳೂರು ಕನ್ನಡವೇ ಮಾತಾಡುತ್ತಿದ್ದರು, ಹಾಗಾಗಿ ಅವರ ಊರು ನನಗೆ ಗೊತ್ತೇ ಇರಲಿಲ್ಲ.

ಪಾನಕ ಮುಗಿಯುವ ಹೊತ್ತಿಗೆ ನಾನು ಇಡೀ ಸಂಘಕ್ಕೆ "ಇವ್ರೇ" ಆಗಿದ್ದೆ. ಈಗಲೂ ಕೆಲವರು ಹಾಗೇ ಕರೆಯುತ್ತಾರೆ. ಸುಮಂಗಲಾ ದೊನ್ನೆಯಲ್ಲಿ ಕೋಸಂಬರಿ ತಂದು ನನ್ನ ಕೈಗಿಟ್ಟಳು. ಮುಖ ನೋಡಿದಳು.

"ಭಾಳ ಆತೇನ್ರೀ?"

ಎರಡು ವಾರದಲ್ಲಿ ಸಿಟ್ಟಿಲ್ಲದೆ ಅವಳು ತನ್ನ ಭಾಷೆಯಲ್ಲಿ ಕೇಳಿದ ಮೊದಲ ಮಾತು. "ಆಯ್ತು ಅಂತಲೂ ಹೇಳಲ್ಲ..." ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹಾಲಿನಿಂದ ಹೊರಟಾಗ ಟ್ರಾಮ್ ಸ್ಟಾಪಿನಲ್ಲಿ ನಿಂತಿತ್ತು. ಟೀವಿಯನ್ನೂ ಮೆಷೀನನ್ನೂ ಅಧ್ಯಕ್ಷರ ಕಾರಿಗೆ ಹತ್ತಿಸಿ ನಾನು ಹಿಂದೆ ಬರುವಷ್ಟರಲ್ಲಿ ಅಮ್ಮ ಮಗಳು ಆಗಲೇ ಒಳಗಿದ್ದರು. ಜನ ನುಗ್ಗುತ್ತಿದ್ದರು. ನಿಧಿ ಒಂದು ಸೀಟಿನ ಮೇಲೆ ಎರಡೂ ಕೈ ಊರಿಕೊಂಡು, ಬಾಗಿಲ ಕಡೆ ತಿರುಗಿ, ಇಡೀ ಟ್ರಾಮಿಗೆ ಕೇಳುವಂತೆ ಕೂಗಿದಳು:

"ಅಪ್ಪಾ, ಲಗೂನ ಬರ್ರಿ! ಜಾಗಾ ಹಿಡದೇನಿ!"

ಮಗಳು ತಾನಾಗಿ ನನ್ನ ಜೊತೆ ಆಡಿದ ಮೊದಲ ಕನ್ನಡ ವಾಕ್ಯ ಅದು. ಅದರಲ್ಲಿ ಮೈಸೂರಿನದು ಒಂದು ಅಕ್ಷರವೂ ಇರಲಿಲ್ಲ. ನಾನು ಓಡಿಹೋಗಿ ಕೂತೆ.